ಜವಾರಿ ಮೀನು

ನಮ್ಮ ಮನೆಯ ಪಡಸಾಲೆಯಲ್ಲಿ ಮೀನು ಸಾಕಿದ್ದೇವೆ. ಯಾರು ಏನು ಬೇಕಾದರೂ ಅಂದುಕೊಳ್ಳಲಿ. ಬಾಗಿಲು ದಾಟಿ ಒಳಗೆ ಬಂದರೆ ಎಡಕ್ಕೆ ದೇವರ ಕೋಣೆ, ಬಲಕ್ಕೆ ಗಾಜಿನ ಪೆಟ್ಟಿಗೆ. ಸಂತೆಯಲ್ಲಿ ಮೀನು ಮಾರುವವರು ಕುಳಿತಿದ್ದರೆ ಆ ಸಾಲನ್ನೇ ಬಿಟ್ಟು ಸುತ್ತುಹಾಕಿ ಬರುವ ಮನೆತನ ನಮ್ಮದು. ಈಗ ನಾನು ಬೆಳಿಗ್ಗೆ ಎದ್ದು ಹಣೆಗೆ ವಿಭೂತಿ ಹಚ್ಚಿಕೊಳ್ಳುವ ಮೊದಲೇ ಮೀನಿನ ಮುಖ ನೋಡುತ್ತೇನೆ. ಮನಗೂಳಿಯ ನಮ್ಮ ಓಣಿಗೆ ಇದು ಇನ್ನೂ ಅರಗಿಲ್ಲ. ಅರಗದಿದ್ದರೆ ಇರಲಿ. ನನಗೆ ಆಗಿರುವ ಸಂತೋಷವೇ ನನಗೆ ಅರಗಿಲ್ಲ. ಅದನ್ನು ಎಲ್ಲಿಡಬೇಕೆಂದು ತಿಳಿಯದೆ ಬರೆಯಲು ಕುಳಿತಿದ್ದೇನೆ. ನಾಲ್ಕನೆಯ ಇಯತ್ತೆಗೆ ನನ್ನನ್ನು ಸಾಲಿ ಬಿಡಿಸಿ ಎಮ್ಮೆಗಳ ಹಿಂದೆ ಕಳಿಸಿದರು. ನಾನು ಸಾಲಿ ಬಿಟ್ಟೆ, ಅಕ್ಷರ ನನ್ನನ್ನು ಬಿಡಲಿಲ್ಲ.

ನನಗೆ ಮೊಮ್ಮಗಳು ಬಂದಿದ್ದಾಳೆ. ಹುಟ್ಟಿದ್ದಾಳೆ ಎಂದು ಬರೆಯಲಿಲ್ಲ, ಬಂದಿದ್ದಾಳೆ ಎಂದು ಬರೆದೆ. ಆರು ವರ್ಷದವಳು. ಬೆನ್ನಿಗೆ ಹಸಿರು ಚೀಲ ಹಾಕಿಕೊಂಡು, ತನ್ನ ಕಾಲಮೇಲೆ ತಾನೇ ನಡೆದು ನಮ್ಮ ಹೊಸ್ತಿಲು ದಾಟಿದಳು. ಮಗ-ಸೊಸೆ ಎಷ್ಟೋ ವರ್ಷ ಆಸ್ಪತ್ರೆ ತಿರುಗಿದರು, ಹರಕೆ ಹೊತ್ತರು, ಕಡೆಗೆ ಒಂದು ದಿನ ಎರಡನ್ನೂ ನಿಲ್ಲಿಸಿ ನನ್ನೆದುರು ಬಂದು ಕುಳಿತು, "ಯವ್ವಾ, ಒಂದು ಕೂಸಿನ್ನ ದತ್ತಕ ತಗೋತೇವಿ" ಅಂದರು. ನಾನು ಮಗನ ಮುಖ ನೋಡಿದೆ, ಸೊಸೆಯ ಮುಖ ನೋಡಿದೆ. "ಇಷ್ಟ ದಿನ ಎಲ್ಲಿ ಕುಂತಿದ್ರಿ?" ಎಂದು ಕೇಳಿದೆ.

ಸುದ್ದಿ ಹೊರಬಿದ್ದದ್ದೇ ತಡ, ಮುದ್ದೇಬಿಹಾಳದ ನಾದಿನಿ ಬಂದಳು. ನನ್ನ ಗಂಡನ ತಂಗಿ ಆಕೆ. ಅವರು ತೀರಿಹೋದಮೇಲೂ ಅಣ್ಣನ ಮನೆ ಎಂದು ಹಕ್ಕಿನಿಂದ ಬರುತ್ತಾಳೆ, ಬರಲಿ. ಬಂದವಳೇ ತನ್ನ ಕಿರಿಯ ಮೊಮ್ಮಗನನ್ನು ದತ್ತಕ ಕೊಡುತ್ತೇನೆ ಅಂದಳು. "ನಮ್ಮ ರಕ್ತ ನಮ್ಮ ಮನ್ಯಾಗ ಇರ್ತೈತಿ ವೈನಿ. ಎಲ್ಲಿಂದೋ ಯಾಕ ತರ್ತೀರಿ?" ಆ ಹುಡುಗನಿಗೆ ತಂದೆ-ತಾಯಿ ಇದ್ದಾರೆ, ಗಟ್ಟಿಮುಟ್ಟಾಗಿದ್ದಾರೆ. ಅವನಿಗೆ ನಾವು ಬೇಕಾಗಿರಲಿಲ್ಲ. ಮಗ ಬೇಡವೆಂದ. ನಾದಿನಿ ಅದನ್ನು ಸೆರಗಿಗೆ ಗಂಟು ಹಾಕಿಕೊಂಡು ಹೋದಳು.

ಹುಡುಗಿ ಬೆಳೆದ ಅನಾಥ ಮಕ್ಕಳ ಮನೆ ದಕ್ಷಿಣದ ಕಡೆಯದು. ಬಂದ ಹೊಸದರಲ್ಲಿ ಮಾತೇ ಇಲ್ಲ. ಆಡಿದರೂ ಪುಸ್ತಕ ಓದಿದ ಹಾಗೆ. "ನೀರು ಬೇಕು, ಅಜ್ಜಿಯವರೇ." "ಊಟ ಸಾಕು, ಅಜ್ಜಿಯವರೇ." ಆ 'ಯವರೇ' ಕೇಳಿದಾಗಲೆಲ್ಲ ನಾನು ಯಾವುದೋ ಕಚೇರಿಯ ಸಾಹೇಬಳಾದ ಹಾಗೆ ಅನ್ನಿಸಿ ಸೆರಗು ಸರಿಮಾಡಿಕೊಳ್ಳುತ್ತಿದ್ದೆ. ನಮ್ಮ ಕಡೆ ಅಜ್ಜಿಗೆ ಆಯಿ ಅನ್ನುತ್ತಾರೆ. ಹೇಳಿಕೊಡಲು ಹೋಗಲಿಲ್ಲ. ಅದು ಹೇಳಿಕೊಟ್ಟು ಬರುವ ಮಾತಲ್ಲ.

ಜೋಳದ ರೊಟ್ಟಿ ಅವಳ ಗಂಟಲಲ್ಲಿ ಇಳಿಯುತ್ತಿರಲಿಲ್ಲ. ಅನ್ನವನ್ನೇ ಕಲಸಿ ಕೊಡುತ್ತಿದ್ದೆವು. ಓಣಿಯ ಹೆಂಗಸರು ಕಟ್ಟೆಯ ಮೇಲೆ ಕುಳಿತು ದಿನಾ ಒಂದೇ ಮಾತು ಕೇಳುತ್ತಿದ್ದರು: "ಹುಡುಗಿ ಹೊಂದ್ಯಾಳೇನ್ರಿ?" ಸೊಸೆ ಬಾಗಿಲಲ್ಲೇ ನಿಂತು, "ಸಾವಕಾಶ ಹೊಂದ್ತಾಳ್ರಿ" ಎನ್ನುತ್ತಿದ್ದಳು. ಆ ಮಾತು ಒಳಗೆ ಕುಳಿತ ಹುಡುಗಿಗೂ ಕೇಳಿಸುತ್ತಿತ್ತು ಎಂಬುದು ನಮಗಾರಿಗೂ ಹೊಳೆಯಲಿಲ್ಲ.

ಒಂದು ಮಧ್ಯಾಹ್ನ ಸೊಸೆ ಅವಳ ತಲೆ ಬಾಚುತ್ತ ಕೇಳಿದಳು. "ನಿನಗ ಏನ್ ಬೇಕು ಹೇಳ ಬಂಗಾರ. ಏನರ ಕೇಳು, ತಂದು ಕೊಡ್ತೇವಿ."

ಹುಡುಗಿ ಬಹಳ ಹೊತ್ತು ಯೋಚಿಸಿ ಹೇಳಿದಳು: "ಮೀನು."

ಸೊಸೆಯ ಕೈಯಲ್ಲಿನ ಹಣಿಗೆ ಕೂದಲಲ್ಲೇ ನಿಂತಿತು. ಮಗ ಓದುತ್ತಿದ್ದ ಪೇಪರು ಕೆಳಗಿಟ್ಟ.

"ಯವ್ವಾ, ಈಗೇನ್ ಮಾಡೂದು?"

"ಏನ್ ಮಾಡೂದಂದ್ರ? ಕೂಸು ಕೇಳೇತಿ. ತರೂದು, ಮಾಡಿ ಹಾಕೂದು."

"ಮಾಡಾವ್ರ ಯಾರು?"

"ನಾ ಮಾಡ್ತೇನಿ. ಹಿತ್ತಲದಾಗ ಬ್ಯಾರೆ ಒಲಿ ಹೂಡ್ತೇನಿ. ಮೂಗಿಗೆ ಸೆರಗ ಕಟ್ಕೋತೇನಿ. ಬ್ಯಾಳಿ ಕುದಿಸಿದಂಗ ಕುದಿಸ್ತೇನಿ. ಅದರಾಗೇನ್ ಐತಿ?"

"ಯವ್ವಾ, ಮೀನಂದ್ರ ಬ್ಯಾಳಿ ಅಲ್ಲ."

"ಓಣ್ಯಾಗಿನವ್ರು ಏನಂತಾರ ಅತ್ತಿ?" ಎಂದು ಸೊಸೆ ಮೆಲ್ಲಗೆ ಕೇಳಿದಳು.

"ಓಣ್ಯಾಗಿನವ್ರಿಗೂ ಒಂದೊಂದು ತುಂಡ ಕೊಟ್ಟು ಕಳಸ್ತೇನಿ!"

ಬೀಸಾಡಿ ಹೇಳಿಬಿಟ್ಟೆ. ಆದರೆ ಮೀನನ್ನು ಕೈಯಲ್ಲಿ ಮುಟ್ಟುವುದು ಹೇಗೆಂದೇ ನನಗೆ ಗೊತ್ತಿರಲಿಲ್ಲ, ಸುಳ್ಳು ಯಾಕೆ ಹೇಳಲಿ. ಅಷ್ಟರಲ್ಲಿ ಹುಡುಗಿ ನಮ್ಮ ಮೂವರನ್ನೂ ಒಬ್ಬೊಬ್ಬರನ್ನಾಗಿ ನೋಡಿದಳು. "ತಿನ್ನೋದಕ್ಕಲ್ಲ," ಅಂದಳು. "ನೋಡೋದಕ್ಕೆ." ಆಮೇಲೆ ಬಾಯಿಗೆ ಕೈ ಅಡ್ಡ ಹಿಡಿದು ನಕ್ಕಳು. ನಮ್ಮ ಮನೆಗೆ ಬಂದಮೇಲೆ ಅದೇ ಮೊದಲ ನಗು. ಮಕ್ಕಳ ಮನೆಯಲ್ಲಿ ದೊಡ್ಡವರು ಕೂಡುವ ಕೋಣೆಯಲ್ಲಿ ಗಾಜಿನ ಪೆಟ್ಟಿಗೆಯೊಂದು ಇತ್ತಂತೆ. ಒಳಗೆ ಹೋಗಲು ಬಿಡುತ್ತಿರಲಿಲ್ಲವಂತೆ. ಬಾಗಿಲ ಸಂದಿಯಿಂದ ನೋಡುತ್ತಿದ್ದಳಂತೆ. ಆ ನಗು ಕೇಳಿದಮೇಲೆ ನಾನು ಮೀನಿಗಾಗಿ ಯಾರ ಜೊತೆ ಬೇಕಾದರೂ ಜಗಳ ಮಾಡಲು ತಯಾರಾದೆ.

ಮಗ ಗಾಜಿನ ಪೆಟ್ಟಿಗೆ ತಂದ. ಆಮೇಲೆ ವಿಜಯಪುರದ ಒಂದು ಅಂಗಡಿಯವನಿಗೆ ಫೋನು ಹಚ್ಚಿ ನಮಗೆಲ್ಲ ಕೇಳುವ ಹಾಗೆ ಹಿಡಿದ.

"ಎರಡು ನಮೂನಿ ಅದಾವ್ರಿ," ಅಂದ ಅಂಗಡಿಯವ. "ಒಂದು ಕಾಡಿನ ಹೊಳ್ಯಾಗ ಹಿಡದು ತಂದದ್ದು, ಇನ್ನೊಂದು ಫಾರಂದಾಗ ಸಾಕಿದ್ದು. ಹಿಡದು ತಂದದ್ದರ ಬಣ್ಣ ನೋಡಬೇಕ್ರಿ ನೀವು, ಅಸಲಿ ಮಾಲು. ಆದ್ರ ಬಾಳಿಕಿ ಗ್ಯಾರಂಟಿ ನಾ ಕೊಡಾಂಗಿಲ್ಲ. ಫಾರಂದ್ದು ಗಟ್ಟಿ. ಗಾಜಿನ್ಯಾಗs ಹುಟ್ಟಿರ್ತಾವು, ಹಾಕಿದ್ದು ತಿಂತಾವು."

ಮಗ ನನ್ನ ಕಡೆ ನೋಡಿದ. ನಾನು ಯೋಚನೆಯನ್ನೇ ಮಾಡಲಿಲ್ಲ. "ಫಾರಂದ್ದು ಬ್ಯಾಡ. ಜವಾರಿನs ಬೇಕು."

ನಮ್ಮ ಕಡೆಯವರಿಗೆ ಜವಾರಿ ಎಂಬ ಮಾತಿನ ಮೇಲೆ ಎಂಥ ಮೋಹ ಎಂದು ಹೇಳಿ ತೀರದು. ಬದನೆಕಾಯಿ ಜವಾರಿ ಇರಬೇಕು, ಸೌತೆಕಾಯಿ ಜವಾರಿ ಇರಬೇಕು, ಆಕಳು ಜವಾರಿ ಇರಬೇಕು. ನಮ್ಮ ನೆಲದ್ದು, ಬೆರಕೆಯಿಲ್ಲದ್ದು, ಯಾರೂ ಗೊಬ್ಬರ ಹಾಕಿ ಉಬ್ಬಿಸದ್ದು. ಫಾರಂ ಎಂದರೆ ಸಪ್ಪೆ, ಬರೀ ನೀರು, ನೋಡಲು ದೊಡ್ಡದು. ಕಾಯಿಪಲ್ಲೆ ಮಾರುವವಳು ಬುಟ್ಟಿ ಇಳಿಸುವ ಮೊದಲೇ ನಾನು "ಜವಾರಿ ಅದಾವೇನ?" ಎಂದು ಕೇಳಿಬಿಡುತ್ತೇನೆ. ಮೀನಿನ ಬಗ್ಗೆ ನನಗೆ ಏನೂ ಗೊತ್ತಿಲ್ಲ ನಿಜ. ಜವಾರಿಯ ಬಗ್ಗೆ ಎಲ್ಲ ಗೊತ್ತು ಎಂದು ತಿಳಿದಿದ್ದೆ.

"ಜವಾರಿ ಮೀನಿಗೆ ಅಂಗಡಿ ಯಾಕ?" ಅಂದೆ. "ನನ್ನ ತವರ ಐತಿ."

ನನ್ನ ತವರು ಸಿಂದಗಿ ತಾಲೂಕಿನ ದೇವಣಗಾಂವ, ಭೀಮಾ ಹೊಳೆಯ ದಂಡೆ. ಹುಡುಗಿಯ ಕೈ ಹಿಡಿದುಕೊಂಡು, ಹಾಲಿನ ಸ್ಟೀಲಿನ ಕ್ಯಾನು ತೆಗೆದುಕೊಂಡು ಬಸ್ಸು ಹತ್ತಿದೆ. ಸಿಂದಗಿಯಲ್ಲಿ ಬಸ್ಸು ಬದಲಾಯಿಸುವಾಗ ಅವಳಿಗೆ ಕಬ್ಬಿನ ಹಾಲು ಕುಡಿಸಿದೆ. ಅಲ್ಲಿ ಪರಿಚಯದ ಹೆಂಗಸೊಬ್ಬಳು ಸಿಕ್ಕಳು. ಅವಳು ಕೇಳುವ ಮೊದಲೇ, "ನನ್ನ ಮೊಮ್ಮಗಳು" ಅಂದೆ. ಬಸ್ಸಿನಲ್ಲಿ ಪಕ್ಕದವರು ಕೇಳಲಿಲ್ಲ. ಅವರಿಗೂ ಹೇಳಿದೆ.

ನನ್ನ ತಮ್ಮ ಅಂಗಳದಲ್ಲಿ ಎದುರಾದ. ನಾವು ಬಂದ ಕಾರಣ ಕೇಳಿ ಸೊಂಟದ ಮೇಲೆ ಕೈಯಿಟ್ಟುಕೊಂಡು ನಿಂತುಬಿಟ್ಟ. "ಅಕ್ಕಾ, ಇಷ್ಟ ವರ್ಷದಾಗ ತವರಿಗೆ ಬಂದು ಸೀರಿ ಕೇಳೀದಿ, ಜ್ವಾಳ ಕೇಳೀದಿ, ಒಮ್ಮೆ ಎಮ್ಮೀನೂ ಹೊಡಕೊಂಡು ಹೋದಿ. ಮೀನ ಯಾವಾಗ ಬಾಯಿಗೆ ಹತ್ತಿತು?"

"ಮುಚ್ಚೋ ಬಾಯಿ. ನಿನ್ನ ಮೊಮ್ಮಗಳ ನೋಡಾಕ ಬೇಕಂತಾಳ."

ನನ್ನ ಮೊಮ್ಮಗಳೆಂದು ಹೇಳದೆ ನಿನ್ನ ಮೊಮ್ಮಗಳು ಎಂದದ್ದು ಅವನಿಗೆ ತಾಗಿತು. ಧೋತರ ಮೊಣಕಾಲಿಗೆ ಕಟ್ಟಿ ಹೊಳೆಗೆ ಇಳಿದ. ಹೆಗಲ ಮೇಲಿನ ವಲ್ಲಿಯನ್ನು ನೀರಲ್ಲಿ ಹಾಸಿ, ಒಂದು ತುದಿ ತಾನು ಹಿಡಿದು, ಇನ್ನೊಂದು ತುದಿ ಹುಡುಗಿಯ ಕೈಗೆ ಕೊಟ್ಟ. ದಂಡೆಯ ತೆಳುನೀರಿನಲ್ಲಿ ಬೆರಳುದ್ದದ ಬೆಳ್ಳಿ ಮೀನುಗಳು, ಬಾಲದ ಹತ್ತಿರ ಒಂದು ಕರಿ ಚುಕ್ಕೆ. ವಲ್ಲಿ ಎತ್ತಿದರೆ ಬಟ್ಟೆಯಲ್ಲಿ ಬೆಳಕು ಚಿಮ್ಮಿದ ಹಾಗೆ. ಹುಡುಗಿ ಕಿರುಚಿದಳು. ಸಂತೋಷದ ಕಿರುಚು. ನಾನು ದಂಡೆಯಲ್ಲಿ ನಿಂತು, ಏನು ಗೆದ್ದೆನೋ ಎಂಬಂತೆ ಕ್ಯಾನಿನ ಮುಚ್ಚಳ ಬಡಿದೆ.

ಮರಳುವಾಗ ಕಂಡಕ್ಟರ್ ಕೇಳಿದ: "ಏನ್ ಆಯಿ, ಹಾಲೇನು?"

"ಮೀನು."

ಅವನು ನನ್ನ ಹಣೆಯ ವಿಭೂತಿ ನೋಡಿದ, ಕ್ಯಾನು ನೋಡಿದ, ಮತ್ತೆ ವಿಭೂತಿ ನೋಡಿದ.

"ಜೀವಂತ ಅದಾವೋ ತಮ್ಮಾ. ಟಿಕೇಟ್ ಹರೀತಿಯೇನ ಅವಕ್ಕೂ?"

ಮನೆಗೆ ಬಂದು ಇನ್ನೊಂದು ಪ್ರತಾಪ ಮಾಡಿದೆವು. ಮನಗೂಳಿಯಲ್ಲಿ ನಮ್ಮ ಕೊಳವೆ ಬಾವಿಯ ನೀರು ಸವಳು. ಬೇಳೆ ಬೇಯುವುದಿಲ್ಲ, ಸಬಕಾರ ನೊರೆ ಬಿಡುವುದಿಲ್ಲ, ಕೊಡದ ಒಳಗೆ ಬಿಳಿ ಪದರು ಕಟ್ಟುತ್ತದೆ. ಅದಕ್ಕೇ ಬೀಗರು ಬಂದರೆ ಯಂತ್ರದಲ್ಲಿ ಸೋಸಿದ ಸಿಹಿನೀರಿನ ಕ್ಯಾನು ತರಿಸಿ ಕುಡಿಯಲು ಕೊಡುತ್ತೇವೆ. ನನ್ನ ತವರಿನಿಂದ ಬಂದ ಮೀನು ಬೀಗರಲ್ಲವೇ? ಗಾಜಿನ ಪೆಟ್ಟಿಗೆಯ ತುಂಬ ಆ ಸಿಹಿನೀರನ್ನೇ ಹೊಯ್ದೆವು. ಮರ್ಯಾದೆ ಮಾಡಿದೆವು ಎಂದು ಬೀಗಿದೆವು.

ಮರ್ಯಾದೆ ಅವಕ್ಕೆ ಒಗ್ಗಲಿಲ್ಲ. ಅಕ್ಕಿನುಚ್ಚು ಹಾಕಿದೆವು, ಅಂಗಡಿಯ ಕಾಳು ಹಾಕಿದೆವು. ಮೂಸಲೂ ಇಲ್ಲ. ಎಲ್ಲ ಒಂದು ಮೂಲೆಗೆ ಸೇರಿ, ಯಾರಾದರೂ ಹತ್ತಿರ ಹೋದರೆ ಸಿಡಿದು ಗಾಜಿಗೆ ಮೂತಿ ಬಡಿದುಕೊಳ್ಳುತ್ತಿದ್ದವು. ಒಂದು ಮೇಲಿಂದ ಹಾರಿ ಹೊರಗೆ ಬಿದ್ದಿತ್ತು. ಅದನ್ನು ಹುಡುಗಿಯೇ ಕಂಡಳು. ಹಿತ್ತಲಿನ ನುಗ್ಗೆ ಗಿಡದ ಬುಡದಲ್ಲಿ ಹೂತಳು. ಅಳಲಿಲ್ಲ. ಅವಳು ಅಳುತ್ತಿರಲಿಲ್ಲ ಆಗ.

ಆ ದಿನ ಊಟಕ್ಕೆ ಕುಳಿತಾಗ ನಾನು ಹೇಳಿದೆ: "ಇವು ಈ ಮನಿಗೆ ಹೊಂದೂದಿಲ್ಲ. ಎಲ್ಲಿಂದ ತಂದ್ವೋ, ಅಲ್ಲೇ ಬಿಟ್ಟು ಬರೂಣು."

ಮಗ ಹೂಂ ಅಂದ. ಸೊಸೆ ಹೂಂ ಅಂದಳು. ಹುಡುಗಿ ತಾನಾಗಿ ಕೈಚಾಚಿ ಬುಟ್ಟಿಯಿಂದ ಒಂದು ರೊಟ್ಟಿ ತೆಗೆದುಕೊಂಡು, ಒಣಗಿದ್ದನ್ನೇ ಮುರಿದು ಮುರಿದು ನುಂಗತೊಡಗಿದಳು. ಕಣ್ಣಲ್ಲಿ ನೀರು ಬರುವಂತೆ ನುಂಗುತ್ತಿದ್ದಳು. ನಾನು ಎಷ್ಟು ಮಂಕಾಗಿದ್ದೆ ಎಂದರೆ, "ನೋಡ್ರಿ, ರೊಟ್ಟಿ ತಿನ್ನಾಕತ್ತಾಳ!" ಎಂದು ಚಪ್ಪಾಳೆ ತಟ್ಟಿದೆ.

ಮರುದಿನ ಬೆಳಿಗ್ಗೆ ಕ್ಯಾನು ಹಿಡಿದುಕೊಂಡು ಪಡಸಾಲೆಗೆ ಬಂದರೆ, ಅವಳು ಗೋಡೆಗೆ ಆತು ಕುಳಿತಿದ್ದಳು. ನಾವು ಹೊಲಿಸಿದ ಲಂಗವಲ್ಲ. ಬರುವಾಗ ಹಾಕಿಕೊಂಡು ಬಂದ ಅದೇ ಹಳೆಯ ಫ್ರಾಕು. ಕಾಲಲ್ಲಿ ಬೂಟು. ಬೆನ್ನಿಗೆ ಹಸಿರು ಚೀಲ.

"ಇದೇನ ಅವತಾರ?"

"ನಾನು ರೆಡಿ, ಅಜ್ಜಿಯವರೇ."

"ಎಲ್ಲಿಗೆ?"

"ನಾನೂ ಹೊಂದಿಲ್ಲ ಅಲ್ವಾ," ಅಂದಳು. "ಎಲ್ಲಿಂದ ತಂದ್ರೋ ಅಲ್ಲೇ ಬಿಡ್ತೀರಲ್ಲ. ನಿನ್ನೆ ರೊಟ್ಟಿ ಪೂರ್ತಿ ತಿಂದೆ. ಆದರೂ ಬಿಡ್ತೀರಾ?"

ನನ್ನ ಕೈಯಲ್ಲಿದ್ದ ಕ್ಯಾನು ಜಾರಿ ನೆಲಕ್ಕೆ ಬಿತ್ತು. ಸದ್ದಿಗೆ ಸೊಸೆ ಒಳಗಿನಿಂದ ಓಡಿಬಂದಳು. ಹುಡುಗಿಯನ್ನು ನೋಡಿದಳು, ಚೀಲವನ್ನು ನೋಡಿದಳು, ಅಲ್ಲೇ ಬಾಗಿಲ ಚೌಕಟ್ಟು ಹಿಡಿದು ನಿಂತಳು. ನಾನು ನೆಲಕ್ಕೆ ಕುಳಿತೆ. ಮೊಣಕಾಲು ನೋವು ನೆನಪಾಗಲಿಲ್ಲ.

"ಕೇಳಿಲ್ಲಿ," ಅಂದೆ. "ಮೀನ ಬ್ಯಾರೆ, ನೀ ಬ್ಯಾರೆ. ಮೀನಿನ್ನ ನಾವು ವಲ್ಲಿ ಹಾಕಿ ಹಿಡದು ತಂದ್ವಿ, ಅವನ್ನ ಕೇಳಲಿಲ್ಲ. ಅದು ನಮ್ಮ ತಪ್ಪು. ನಿನ್ನ ಹಿಡದು ತಂದಿಲ್ಲ. ಬೇಡಿ ತಂದೇವಿ."

"ಬೇಡಿ ಅಂದ್ರೆ?"

"ನಮ್ಮ ಕಡೆ ಮನಿಗೆ ಹೆಣ್ಣು ತರೂದಂದ್ರ ಅವರ ಮನಿಗೆ ಹೋಗಿ, ನಿಮ್ಮ ಮಗಳನ್ನ ನಮಗ ಕೊಡ್ರಿ ಅಂತ ಬೇಡ್ತೇವಿ. ನನ್ನ ದೇವಣಗಾಂವಕ್ಕ ಬಂದು ಬೇಡಿದ್ರು. ಅಲ್ಲಿ ನಿಂತಾಳಲ್ಲ ನಿನ್ನವ್ವ, ಆಕೀನೂ ನಾನs ಹೋಗಿ ಬೇಡಿ ತಂದೇನಿ. ನಿನ್ನೂ ಹಂಗs. ಬೇಡಿ ತಂದಾಕೀನ ತಿರುಗಿ ಕಳಸೂ ಪದ್ಧತಿ ನಮ್ಮ ಮನ್ಯಾಗ ಇಲ್ಲ."

"ಹೊಂದದಿದ್ರೆ?"

"ಹೊಂದೂದು ನಿನ್ನ ಕೆಲಸ ಅಲ್ಲ. ನಮ್ಮ ಕೆಲಸ. ನೀ ಅನ್ನs ತಿನ್ನು."

ಅವಳು ತಲೆಯಾಡಿಸಿದಳು. ಆದರೆ ನಂಬಲಿಲ್ಲ. ಎಷ್ಟು ಜನರ ಮಾತು ಕೇಳಿದ್ದಾಳೋ ಅಷ್ಟರೊಳಗೆ. ಮೀನು ಬಿಡಲು ಹೋಗದೇ ಇದ್ದುಬಿಡಲೇ ಎಂದು ಒಂದು ಕ್ಷಣ ಅನ್ನಿಸಿತು. ಆದರೆ ಆ ಬೆಳ್ಳಿ ಮೀನುಗಳು ಗಾಜಿಗೆ ಮೂತಿ ಬಡಿಯುವುದನ್ನು ನೋಡುತ್ತ ಅವಳು ಕೂಡುವುದೂ ನನಗೆ ಬೇಡವಾಗಿತ್ತು. ಹೋದೆವು. ಚೀಲ ಬಿಚ್ಚು ಅಂದೆ, ಬಿಚ್ಚಲಿಲ್ಲ. ಇರಲಿ ಬಿಟ್ಟೆ.

ಹೊಳೆಯಲ್ಲಿ ಕ್ಯಾನು ಬಗ್ಗಿಸಿದಾಗ ಮೀನುಗಳು ಒಂದು ಗಳಿಗೆ ಅಲ್ಲೇ ನಿಂತವು, ಆಮೇಲೆ ಚದುರಿ ಮಾಯವಾದವು. ತಮ್ಮ ನಕ್ಕ: "ನಮ್ಮ ಹೊಳಿ ಮೀನು ಮನಗೂಳಿ ನೋಡಿ ಬಂದ್ವು ನೋಡು. ಇನ್ನ ಉಳದ ಮೀನಿನ ಮುಂದ ಶಾಣ್ಯಾತನ ಮಾಡ್ತಾವು." ಹುಡುಗಿ ನಗಲಿಲ್ಲ. ನನ್ನ ಸೆರಗಿನ ತುದಿಯನ್ನು ಮುಷ್ಟಿಯಲ್ಲಿ ಸುತ್ತಿಕೊಂಡಿದ್ದಳು. ಸಿಂದಗಿಯಲ್ಲಿ ಇಳಿದಾಗ ಸಾಲಾಗಿ ನಿಂತ ಬಸ್ಸುಗಳನ್ನೆಲ್ಲ ನೋಡಿ, "ನಾವು ಯಾವುದು ಹತ್ತೋದು?" ಎಂದು ಕೇಳಿದಳು. "ಮನಗೂಳೀದು," ಅಂದೆ. ಬಸ್ಸಿನ ಹಣೆಯ ಮೇಲಿನ ಅಕ್ಷರ ತಾನೇ ಕೂಡಿಸಿ ಓದಿದಳು. ದಾರಿಯುದ್ದಕ್ಕೂ ಕಿಟಕಿಯಾಚೆ ಕಣ್ಣಿಟ್ಟಿದ್ದಳು. ಮನಗೂಳಿಯಲ್ಲಿ ಇಳಿದು, ನಮ್ಮ ಓಣಿಯ ತಿರುವು ಕಂಡಮೇಲೆ, ಬೆನ್ನಿನಿಂದ ಚೀಲ ಇಳಿಸಿ ನನ್ನ ಕೈಗೆ ಕೊಟ್ಟಳು. "ಭಾರ ಇದೆ," ಅಂದಳು. ಆ ಚೀಲ ಹೊತ್ತುಕೊಂಡು ಓಣಿಯಲ್ಲಿ ನಾನು ನಡೆದ ನಡಿಗೆಯನ್ನು ನೀವು ನೋಡಬೇಕಿತ್ತು.

ಗಾಜಿನ ಪೆಟ್ಟಿಗೆ ಮಾತ್ರ ಖಾಲಿ. ನನ್ನ ಜವಾರಿಯ ಹಟ ಮುಗಿದಿತ್ತು. ಮಗ ಗೊಳಸಂಗಿಯ ಒಬ್ಬ ರೈತನ ಸುದ್ದಿ ತಂದ. ಮೊದಲು ಉಳ್ಳಾಗಡ್ಡಿ ಬೆಳೆಯುತ್ತಿದ್ದನಂತೆ, ಈಗ ಹೊಲದ ಒಂದು ಮೂಲೆಯಲ್ಲಿ ಹಸಿರು ಪರದೆ ಕಟ್ಟಿ, ಸಿಮೆಂಟಿನ ತೊಟ್ಟಿ ಸಾಲಾಗಿ ಇಟ್ಟು ಬಣ್ಣದ ಮೀನು ಸಾಕುತ್ತಾನಂತೆ. ನಾವೆಲ್ಲ ಹೋದೆವು. ಬಾಯಿ ಬಹಳ ಅವನಿಗೆ. ನಾವು ಚಪ್ಪಲಿ ಬಿಡುವ ಮೊದಲೇ ಶುರುಮಾಡಿದ.

"ನಿಮ್ಮ ಮನಿ ನೀರ ಎಂಥಾದ್ರಿ?"

ನಾನು ನಾಚಿಕೊಂಡೇ ಹೇಳಿದೆ. "ಸವಳ. ಬ್ಯಾಳಿ ಬೇಯೂದಿಲ್ಲ."

"ಭಾಳ ಛಲೋ ಆತು ಬಿಡ್ರಿ! ನನ್ನ ಬೋರಿನ್ಯಾಗೂ ಸವಳ. ಇವು ಗಪ್ಪಿ ಮೀನು, ಇವುಕ್ಕ ಸವಳಂದ್ರ ಹಬ್ಬ. ಇವರವ್ವ ಇಲ್ಲೇ ಹುಟ್ಟ್ಯಾಳ, ಇವರಾಯಿ ಇಲ್ಲೇ ಹುಟ್ಟ್ಯಾಳ. ಹೊಳಿ ಅಂದ್ರೇನಂತ ಇವುಕ್ಕ ಗೊತ್ತs ಇಲ್ಲ. ಒಂದs ಮಾತ್ರ, ಆ ಸೋಸಿದ ನೀರ ಹಾಕೀರಿ ಮತ್ತ! ಅದ್ರಾಗ ಸತ್ವನs ಇರೂದಿಲ್ಲ."

ನಾನೂ ಸೊಸೆಯೂ ಮುಖ ಮುಖ ನೋಡಿಕೊಂಡೆವು. ಮದುವೆಯಾಗಿ ಬಂದಾಗಿನಿಂದ ನಾನು ಬೈದ ನೀರು ಅದು. ಹೊಳೆಯ ಸಿಹಿನೀರು ಕುಡಿದು ಬೆಳೆದವಳು, ಇಲ್ಲಿ ಮೊದಲ ತಂಬಿಗೆ ಬಾಯಿಗೆ ಹಾಕಿ ಅತ್ತೆಯ ಎದುರೇ ಉಗುಳಿದ್ದೆ. ಆ ನೀರನ್ನು ಹೊಗಳಿದ ಮನುಷ್ಯನನ್ನು ಜೀವಮಾನದಲ್ಲಿ ಮೊದಲ ಸಲ ನೋಡಿದೆ. ಅವನಿಗೆ ಒಂದು ಶಾಲು ಹೊದಿಸೋಣ ಅನ್ನಿಸಿತು.

ಹುಡುಗಿ ತೊಟ್ಟಿಯ ಮೇಲೆ ಬಗ್ಗಿದ್ದಳು. ನವಿಲುಬಾಲದ, ಕೆಂಪು ಹಳದಿಯ ಗಂಡು ಮೀನುಗಳನ್ನೆಲ್ಲ ಬಿಟ್ಟು, ಬೂದು ಬಣ್ಣದ ಒಂದು ಹೊಟ್ಟೆ ದೊಡ್ಡ ಮೀನನ್ನು ತೋರಿಸಿದಳು.

"ಶಾಣ್ಯಾ ಅದೀಯವ್ವ," ಅಂದ ರೈತ. "ಅದು ಬಸರಿ ಐತಿ."

ಹುಡುಗಿ ನೆಟ್ಟಗೆ ನಿಂತು, ಎರಡೂ ಕೈ ಜೋಡಿಸಿ, ತುಂಬ ಗಂಭೀರವಾಗಿ ಅವನಿಗೆ ಹೇಳಿದಳು: "ದಯವಿಟ್ಟು ಇವಳನ್ನು ನಮಗೆ ಕೊಡ್ತೀರಾ? ಇನ್ನೂ ನಾಲ್ಕು ಜನರನ್ನೂ ಕೊಡಿ. ನಾವು ಚೆನ್ನಾಗಿ ನೋಡ್ಕೋತೀವಿ."

ರೈತ ತಬ್ಬಿಬ್ಬಾದ. ಮೀನು ಕೊಳ್ಳಲು ಬಂದವರು ಯಾರೂ ಹಾಗೆ ಕೇಳಿರಲಿಕ್ಕಿಲ್ಲ. ಅವಳು ಬೇಡುತ್ತಿದ್ದಾಳೆ ಎಂದು ನನಗೊಬ್ಬಳಿಗೆ ಗೊತ್ತಾಯಿತು. ನಾನು ತಲೆಯ ಮೇಲೆ ಸೆರಗು ಹೊದ್ದು ಅವಳ ಪಕ್ಕಕ್ಕೆ ನಿಂತೆ, ಹೆಣ್ಣು ಬೇಡಲು ಹೋದ ಮನೆಯಲ್ಲಿ ಹಿರಿಯಳು ನಿಲ್ಲುವ ಹಾಗೆ.

ಮೀನು ಬಂದವು, ಸವಳು ನೀರಿನಲ್ಲಿ ಹಬ್ಬ ಮಾಡಿದವು. ಬೆರಳು ಇಟ್ಟರೆ ಗಾಜಿನ ಹತ್ತಿರ ಬಂದು ಬಾಯಿ ಬಿಡುತ್ತಿದ್ದವು. ಬಸರಿ ಮೀನಿನ ಸುದ್ದಿ ಓಣಿಯ ತುಂಬ ಆಯಿತು. "ಕುಬಸ ಯಾವಾಗ್ರಿ?" ಎಂದು ಹೆಂಗಸರು ಸೀಮಂತದ ದಿನ ಕೇಳುವರು. "ಕರೀತೇನಿ ಬರ್ರಿ. ಹಸರ ಬಳಿ ತರೂದ ಮಾತ್ರ ಮರೀಬ್ಯಾಡ್ರಿ," ಎಂದು ನಾನು ಹೇಳುವೆ.

ಆಗ ಬಂದಳು ನೋಡಿ ಮುದ್ದೇಬಿಹಾಳದ ನಾದಿನಿ. ಬಂದು ಗಾಜಿನ ಪೆಟ್ಟಿಗೆಯ ಮುಂದೆ ನಿಂತಳು. ಹುಡುಗಿ ಅಲ್ಲೇ ಮೀನಿಗೆ ಕಾಳು ಹಾಕುತ್ತಿದ್ದಳು.

"ಇವೇನ್ ವೈನಿ, ಹೊಳ್ಯಾಗಿನವು?"

"ಅಲ್ಲ. ಗೊಳಸಂಗ್ಯಾಗ ತೊಟ್ಟ್ಯಾಗ ಸಾಕಿದ್ವು."

"ಹೌದ್ರಿ ಬಿಡ್ರಿ," ಎಂದು ನಾದಿನಿ ಸೋಫಾದಲ್ಲಿ ಕುಳಿತಳು. "ಈ ಮನ್ಯಾಗ ಈಗ ಎಲ್ಲಾ ಫಾರಂದ್ದs. ಜವಾರಿ ಹುಡುಗನ್ನ ಮನ್ಯಾಗಿಂದs ಕೊಡ್ತೇನಂದ್ರ ಬ್ಯಾಡ ಅಂದ್ರಿ."

ಹುಡುಗಿಯ ಕೈ ನೀರಿನ ಮೇಲೆ ಹಾಗೇ ನಿಂತಿತು. ಅವಳಿಗೆ ಜವಾರಿ ಎಂದರೆ ಏನೆಂದು ನಾನೇ ಹೇಳಿಕೊಟ್ಟಿದ್ದೆ, ದೇವಣಗಾಂವದ ಬಸ್ಸಿನಲ್ಲಿ. ಸೊಸೆ ಅಡುಗೆಮನೆಯ ಬಾಗಿಲಲ್ಲಿ ಬಿಳಿಚಿಕೊಂಡು ನಿಂತಿದ್ದಳು. ನನ್ನ ಮೈಯೆಲ್ಲ ಕಾದು ಹೋಯಿತು.

"ಜವಾರಿ ಅಂದ್ರೇನ ತಿಳದೀ ನೀ?" ಅಂದೆ. "ನಾ ಭೀಮಾ ದಂಡಿಯಾಕಿ. ಈ ಮನಿಗೆ ನಾನೂ ಹೊರಗಿನಾಕಿನs. ನಿಮ್ಮಣ್ಣನ ಮನಿ ಸವಳ ಕುಡದು ಕುಡದು ನನ್ನ ಹಲ್ಲ ಹಳದಿ ಆದ್ವು ನೋಡು. ಈ ನೀರ ಕುಡದು ಈ ಮನ್ಯಾಗ ಬಾಳ್ವಿ ಮಾಡಿದಾಕಿ ಜವಾರಿ. ನನ್ನ ಮೊಮ್ಮಗಳು ಬಂದ ದಿನದಿಂದ ಇದs ನೀರ ಕುಡ್ಯಾಕತ್ತಾಳ. ನೀ ಬಂದಾಗೊಮ್ಮೆ ಬಗಲಾಗ ಬಾಟ್ಲಿ ನೀರ ಹಿಡಕೊಂಡು ಬರ್ತಿ. ಈಗ ಹೇಳು, ಈ ಮನ್ಯಾಗ ಫಾರಂದಾಕಿ ಯಾರು?"

ನಾದಿನಿ ಪಕ್ಕದಲ್ಲಿಟ್ಟುಕೊಂಡಿದ್ದ ಬಾಟಲಿಯನ್ನು ಮೆಲ್ಲಗೆ ಚೀಲದೊಳಗೆ ತಳ್ಳಿದಳು. ಬಾಗಿಲಲ್ಲಿ ನಿಂತ ಸೊಸೆ ನಗು ತಡೆಯಲಾರದೆ ಒಳಗೆ ಓಡಿದಳು. ನಾದಿನಿ ಸಿಟ್ಟಾದಳು, ಸಿಟ್ಟಿನಲ್ಲೇ ಹೋಳಿಗೆ ತಿಂದಳು, ಸಿಟ್ಟಿನಲ್ಲೇ ಎಲೆಯಡಿಕೆ ಹಾಕಿಕೊಂಡು ಹೋದಳು. ಆ ಸಂಜೆ ಹುಡುಗಿ, ಬೀಗರಿಗೆಂದು ತರಿಸಿಟ್ಟಿದ್ದ ಸೋಸಿದ ನೀರಿನ ಕ್ಯಾನು ಬಿಟ್ಟು, ಹಿತ್ತಲಿನ ನಳದ ಕೆಳಗೆ ಲೋಟ ಹಿಡಿದು ಗಟಗಟ ಕುಡಿದದ್ದನ್ನು ನಾನು ನೋಡಿದೆ. ಅಷ್ಟೊಂದು ಬೇಡವ್ವಾ, ಹೊಟ್ಟೆ ಕಟ್ಟೀತು ಎಂದು ಓಡಿಹೋಗಿ ಬಿಡಿಸಬೇಕಾಯಿತು.

ಆಮೇಲೆ ಕೆಲವು ದಿನಕ್ಕೆ, ನಾನು ಅಂಗಳದಲ್ಲಿ ಜೋಳ ಹಸನು ಮಾಡುತ್ತ ಕುಳಿತಿದ್ದಾಗ ಒಳಗಿನಿಂದ ಕೂಗು ಬಂತು.

"ಆಯೀ! ಲಗೂ ಬಾ! ಮರಿ ಹಾಕೇತಿ! ಮೀನು ಮರಿ ಹಾಕೇತಿ!"

ಮೊರ ಅಲ್ಲೇ ಬಿಸಾಡಿ ಓಡಿದೆ. ಮೀನು ತತ್ತಿ ಇಡುತ್ತದೆ ಎಂದು ಕೇಳಿದ್ದೆ. ಇದು ಜೀವಂತ ಮರಿಗಳನ್ನೇ ಹಾಕುತ್ತಿತ್ತು. ಜೀರಿಗೆಯಷ್ಟು ಮೈ, ಎರಡು ಕಣ್ಣು. ಬಿದ್ದ ಕೂಡಲೇ ಈಜು. ಹಾಕಿದ ತಾಯಿಯೇ ತಿರುಗಿ ಅವನ್ನು ನುಂಗಲು ಹೋಗುತ್ತಿತ್ತು. ಹುಡುಗಿ ಚಹಾ ಸೋಸುವ ಜಾಳಿಗೆ ತಂದು ಒಂದೊಂದನ್ನೇ ಎತ್ತಿ ಬೇರೆ ಡಬ್ಬಿಗೆ ಬಿಟ್ಟಳು. ಆ ಹೊತ್ತು ನನ್ನ ನಾಲಿಗೆಯ ತುದಿಗೆ ಹೆತ್ತವಳ ಬಗ್ಗೆ ಒಂದು ಮಾತು ಬಂದಿತ್ತು. ನುಂಗಿದೆ. ಮೀನು ಮೀನು, ಮನುಷ್ಯರು ಮನುಷ್ಯರು. ನನ್ನ ಮೊಮ್ಮಗಳನ್ನು ಹೆತ್ತವಳು ಯಾರೋ, ಅವಳಿಗೆ ಏನು ಬಂದೊದಗಿತ್ತೋ. ಅವಳ ಬಗ್ಗೆ ಕೆಟ್ಟ ಮಾತು ಈ ಮನೆಯಲ್ಲಿ ಯಾರೂ ಆಡಕೂಡದು. ಆಡಿದವರನ್ನು ನಾನು ಸುಮ್ಮನೆ ಬಿಡುವುದಿಲ್ಲ.

ಮರಿಗಳೆಲ್ಲ ಡಬ್ಬಿ ಸೇರಿದಮೇಲೆ ಸೊಸೆ ನನ್ನ ತೋಳು ಹಿಡಿದು ಕಿವಿಯಲ್ಲಿ ಕೇಳಿದಳು: "ಅತ್ತಿ, ಆಕಿ ಏನಂತ ಕೂಗಿದ್ಲು ಕೇಳಿದ್ರೇನು?" ಆಗ ನನಗೆ ಹೊಳೆಯಿತು. ನಾನು ಜೋಳದ ಹೊಟ್ಟು ಮೆತ್ತಿದ ಕೈಯಲ್ಲೇ ಕಣ್ಣೊರೆಸಿಕೊಂಡು ಇಡೀ ದಿನ ಕಣ್ಣು ಉರಿ ಮಾಡಿಕೊಂಡೆ.

ಮಗ ಆ ಮರಿಗಳ ವಿಡಿಯೋ ಮಾಡಿ ಬೀಗರಿಗೆಲ್ಲ ಕಳಿಸಿದ. ಮುದ್ದೇಬಿಹಾಳದ ನಾದಿನಿಯ ಮೊಮ್ಮಗ ತನಗೂ ಮೀನು ಬೇಕೆಂದು ಹಟ ಹಿಡಿದನಂತೆ. ಖಾಲಿ ಗಾಜಿನ ಬಾಟಲಿ ಹಿಡಿದುಕೊಂಡು ನಾದಿನಿ ಮತ್ತೆ ಬಂದಳು. ನನ್ನ ಕಡೆ ನೋಡದೆ ನೇರ ಹುಡುಗಿಯ ಹತ್ತಿರ ಹೋದಳು.

"ನಿನ್ನ ಮುದ್ದೇಬಿಹಾಳದ ಅಣ್ಣ ಕೇಳಿ ಕಳಿಸ್ಯಾನವ್ವಾ. ಎರಡು ಮರಿ ಕೊಡು."

"ಕೊಡಾಂಗಿಲ್ಲ."

"ಯಾಕ?"

"ಇವು ಇಲ್ಲೇ ಹುಟ್ಟ್ಯಾವು. ಜವಾರಿ ಅದಾವು."

ನಾದಿನಿ ಬಿಡುವವಳಲ್ಲ. "ಆತು, ಮರಿ ಬ್ಯಾಡ. ಆ ದೊಡ್ಡವು ಹೊರಗಿಂದ ತಂದಾವಲ್ಲ? ಅವನ್ನರ ಕೊಡು ಮತ್ತ."

ನಾನು ಎದ್ದು ನಿಂತೆ. ಏನೋ ಹೇಳಲು ಬಾಯಿ ತೆರೆದೆ. ಹುಡುಗಿ ನನ್ನ ಕಡೆ ತಿರುಗಿಯೂ ನೋಡಲಿಲ್ಲ. ಗಾಜಿನ ಪೆಟ್ಟಿಗೆಗೆ ಬೆನ್ನು ಕೊಟ್ಟು, ಎರಡೂ ಕೈ ಅಗಲಿಸಿ ನಿಂತಳು.

"ಅವನ್ನ ಬೇಡಿ ತಂದೇವಿ," ಅಂದಳು. "ಬೇಡಿ ತಂದವ್ರನ್ನ ತಿರುಗಿ ಕಳಸೂ ಪದ್ಧತಿ ನಮ್ಮ ಮನ್ಯಾಗ ಇಲ್ಲ."

ನಾದಿನಿ ಅವಳನ್ನು ನೋಡಿದಳು, ನನ್ನನ್ನು ನೋಡಿದಳು, ಮತ್ತೆ ಅವಳನ್ನು ನೋಡಿದಳು. ಆಮೇಲೆ ತನ್ನ ಮನಸ್ಸಿಗೇ ವಿರುದ್ಧವಾಗಿ ನಕ್ಕುಬಿಟ್ಟಳು. "ಅಯ್ಯ ಇದರ! ನಿಂತದ್ದ ನೋಡ್ರಿ ವೈನಿ, ಥೇಟ್ ನಿಮ್ಮಂಗ."

"ಮತ್ತ ಯಾರಂಗ ನಿಲ್ಲಬೇಕಿತ್ತು?" ಅಂದೆ.

ಗೊಳಸಂಗಿಯ ರೈತನ ವಿಳಾಸ ಹೇಳಿದೆ. ಹೋಗಿ ಬೇಡಿ ತರಲಿ. ತಂದ ಬಾಟಲಿಯನ್ನು ಬರಿದು ಕಳಿಸಬಾರದೆಂದು ಸೊಸೆ ಅದರ ತುಂಬ ಇಂಡಿ ಊರಿನ ನಿಂಬೆಹಣ್ಣಿನ ಉಪ್ಪಿನಕಾಯಿ ಹಾಕಿದಳು. ಮುಚ್ಚಳ ಗಟ್ಟಿಯಾಗಿ ತಿರುವಿಕೊಟ್ಟವಳು ನನ್ನ ಮೊಮ್ಮಗಳು.